ಬೇಲಿಯೇ ಎದ್ದು ಹೊಲ ಮೇಯ್ದಾಗ

ಸುಗ್ಗಿ ಮುಗಿಯುತ್ತಿದ್ದಂತೆ ನವಲಗುಂದ, ಅಣ್ಣಿಗೇರಿ ಭಾಗದ ಎರೆಹೊಲಗಳಿಂದ ಕಡಲೆ, ಗೋದಿ, ಜೋಳ ಮನೆ ಸೇರುತ್ತವೆ. ಕುಂದಗೋಳದ ಕಡೆ ಶೇಂಗಾ, ಒಣಮೆಣಸಿನಕಾಯಿ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆ ಭತ್ತ. ಕಾಳಿನ ಚೀಲಗಳ ಬೆನ್ನಿಗೆ ಇಲಿಗಳು ಬರುತ್ತವೆ, ಇಲಿಗಳ ಬೆನ್ನಿಗೆ ಬೆಕ್ಕುಗಳು. ಹಳ್ಳಿಯ ಬೆಕ್ಕಿಗೆ ಕೊರಳಪಟ್ಟಿ ಇಲ್ಲ, ಯಜಮಾನನೂ ಇಲ್ಲ. ಮೂರು ಮನೆಯಲ್ಲಿ ಹಾಲು ಕುಡಿದು, ನಾಲ್ಕನೆಯ ಮನೆಯ ಅಟ್ಟದಲ್ಲಿ ಮರಿ ಹಾಕುತ್ತದೆ. ಮರಿಗಳು ಕಣ್ಣು ಬಿಟ್ಟ ದಿನದಿಂದ ಮಾತ್ರ ಅವಕ್ಕೆ ಒಡೆಯರು ಹುಟ್ಟಿಕೊಳ್ಳುತ್ತಾರೆ. ಅವರೇ ಆ ಓಣಿಯ ಮಕ್ಕಳು.

ಇಂಥ ಒಂದು ಮರಿಯನ್ನು ಊಹಿಸಿಕೊಳ್ಳಿ. ಐದಾರು ತಿಂಗಳಿನದು. ನಿನ್ನೆ ಮೊನ್ನೆಯವರೆಗೂ ದಾರದ ಉಂಡೆಯ ಹಿಂದೆ ಓಡುತ್ತಿದ್ದದ್ದು ಈಗ ಮೂಲೆ ಹಿಡಿದಿದೆ. ಮೈ ಬಿಸಿ. ಹಾಲು ಬೇಡ, ರೊಟ್ಟಿಯ ಚೂರು ಬೇಡ. ಬೆನ್ನಿನ ಎಲುಬು ಎಣಿಸುವಂತಾಗಿದೆ, ಆದರೆ ಹೊಟ್ಟೆ ಮಾತ್ರ ದಿನದಿನಕ್ಕೆ ಗಡಿಗೆಯಂತೆ ಉಬ್ಬುತ್ತಿದೆ. "ಹೊಟ್ಟ್ಯಾಗ ಜಂತ ಆಗ್ಯಾವ" ಎನ್ನುತ್ತಾಳೆ ಅಜ್ಜಿ. "ಯಾರದೋ ದೃಷ್ಟಿ ತಾಗೇತಿ" ಎನ್ನುತ್ತಾಳೆ ನೆರೆಮನೆಯಾಕೆ. ಶಾಲೆಗೆ ಹೋಗುವ ಹುಡುಗಿ ಮಾತ್ರ ಯಾರ ಮಾತನ್ನೂ ಕೇಳದೆ ಮರಿಯ ಮುಂದೆ ಕುಳಿತಿರುತ್ತಾಳೆ.

ಅಜ್ಜಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಮರಿಗಳ ಹೊಟ್ಟೆ ಉಬ್ಬರಕ್ಕೆ ಜಂತುಹುಳುವೇ ಸಾಮಾನ್ಯ ಕಾರಣ. ಹುಳುವಿನ ಔಷಧ ಬಿದ್ದರೆ ಮರಿ ಮತ್ತೆ ಜಿಗಿಯತೊಡಗುತ್ತದೆ. ಆದರೆ ಜ್ವರವೂ ಇದ್ದು, ಯಾವ ಆಂಟಿಬಯೋಟಿಕ್ ಕೊಟ್ಟರೂ ಅದು ಇಳಿಯದೆ, ಹೊಟ್ಟೆಯಲ್ಲಿ ತುಂಬಿರುವುದು ಹುಳುವಲ್ಲ, ಅಂಟಾದ ಹಳದಿ ನೀರು ಎಂದು ಗೊತ್ತಾದರೆ ಪಶುವೈದ್ಯರ ಮುಖ ಗಂಭೀರವಾಗುತ್ತದೆ. ಅವರು ಅನುಮಾನಿಸುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಎಫ್‌ಐಪಿ. ಕನ್ನಡದಲ್ಲಿ ಹೇಳುವುದಾದರೆ ಬೆಕ್ಕಿನ ಸಾಂಕ್ರಾಮಿಕ ಉದರಪೊರೆಯ ಉರಿಯೂತ. ಇದು ಕೊರೊನಾ ವೈರಾಣುವಿನಿಂದ ಬರುತ್ತದೆ. ಆದರೆ ಮರಿಯನ್ನು ಕೊಲ್ಲುವುದು ವೈರಾಣು ಒಂದೇ ಅಲ್ಲ. ಅದನ್ನು ಅಟ್ಟಲು ಹೊರಟ ಮರಿಯ ಸ್ವಂತ ರಕ್ಷಣಾ ಪಡೆಯೂ ಆ ಪಾಪದಲ್ಲಿ ಪಾಲು ಪಡೆಯುತ್ತದೆ.

ಬಾಸ್ಟನ್ನಿನಲ್ಲಿ ಕಂಡ ಕಾಯಿಲೆ

ಕೊರೊನಾ ಎಂಬ ಹೆಸರು ನಮ್ಮ ಹಳ್ಳಿಗಳಿಗೆ ಬಂದದ್ದು 2020ರಲ್ಲಿ. ಬೆಕ್ಕುಗಳ ಕಾಯಿಲೆಯ ಕಥೆ ಅದಕ್ಕಿಂತ ಬಹಳ ಹಳೆಯದು. 1963ರಲ್ಲಿ ಅಮೆರಿಕದ ಬಾಸ್ಟನ್ ನಗರದ ಪಶು ಆಸ್ಪತ್ರೆಯಲ್ಲಿದ್ದ ಜೀನ್ ಹೋಲ್ಜ್‌ವರ್ತ್ ಎಂಬ ವೈದ್ಯೆ ಬೆಕ್ಕುಗಳ ಮುಖ್ಯ ಕಾಯಿಲೆಗಳ ಬಗ್ಗೆ ಬರೆಯುತ್ತ, ಹೊಟ್ಟೆಯಲ್ಲಿ ನೀರು ತುಂಬಿ ಸಾಯುವ ಈ ರೋಗವನ್ನು ವಿವರಿಸಿದರು. 1966ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಕಾರಣ ಕೊರೊನಾ ಕುಟುಂಬದ ವೈರಾಣು ಎಂಬುದು ಖಚಿತವಾಗಲು ಮತ್ತಷ್ಟು ವರ್ಷ ಹಿಡಿಯಿತು.

ತಂದೆತಾಯಂದಿರು ಮೊದಲು ಕೇಳುವ ಪ್ರಶ್ನೆಗೆ ಇಲ್ಲಿಯೇ ಉತ್ತರ ಹೇಳಿಬಿಡುವುದು ಒಳ್ಳೆಯದು. ಬೆಕ್ಕಿನ ಈ ವೈರಾಣು ಬೇರೆ, ಕೋವಿಡ್ ತಂದ ವೈರಾಣು ಬೇರೆ. ಇವೆರಡೂ ಒಂದೇ ದೊಡ್ಡ ಮನೆತನದ ಬೇರೆ ಬೇರೆ ಕವಲುಗಳು. ಬೆಕ್ಕಿನದಕ್ಕೆ ನಾಯಿ, ಹಂದಿಗಳ ಕರುಳಿನ ವೈರಾಣುಗಳು ಹತ್ತಿರದ ಬಂಧುಗಳು. ಬೆಕ್ಕಿನ ಎಫ್‌ಐಪಿ ಮನುಷ್ಯರಿಗೆ ಅಂಟುವುದಿಲ್ಲ. ಕೊರೊನಾ ಎಂಬ ಮೂರಕ್ಷರ ಕೇಳಿದ ಮಾತ್ರಕ್ಕೆ ಮರಿಯನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವುದಕ್ಕೆ ಯಾವ ಆಧಾರವೂ ಇಲ್ಲ.

ಕರುಳಿನಲ್ಲಿದ್ದಾಗ ಸಾಧು

ಈ ವೈರಾಣುವಿನ ವಿಚಿತ್ರ ಇರುವುದು ಇಲ್ಲಿ. ಬೆಕ್ಕು ಸಾಕಿದ ದೇಶಗಳಲ್ಲೆಲ್ಲ ಅದು ಹರಡಿದೆ. ಹತ್ತಾರು ಬೆಕ್ಕುಗಳು ಒಟ್ಟಿಗೆ ಇರುವ ಕಡೆ ಹೆಚ್ಚಿನವಕ್ಕೆ ಸೋಂಕು ತಗುಲಿಯೇ ಇರುತ್ತದೆ. ಮಲದ ಮೂಲಕ ಹೊರಬಿದ್ದು, ಒಂದೇ ಜಾಗದಲ್ಲಿ ಮಲ ಮುಚ್ಚುವ ಇನ್ನೊಂದು ಬೆಕ್ಕಿನ ಪಾದಕ್ಕೆ ಅಂಟಿ, ಅದು ಪಾದ ನೆಕ್ಕಿಕೊಂಡಾಗ ಬಾಯಿ ಸೇರುತ್ತದೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಐದಾರು ವಾರಕ್ಕೆ ಕರಗುತ್ತ ಬಂದಾಗ ಮರಿಗಳಿಗೆ ಸೋಂಕು ತಗಲುವುದು ಸಾಮಾನ್ಯ. ಪರಿಣಾಮ? ಹೆಚ್ಚೆಂದರೆ ನಾಲ್ಕು ದಿನದ ಭೇದಿ. ಎಷ್ಟೋ ಮರಿಗಳಲ್ಲಿ ಅದೂ ಇಲ್ಲ. ಕರುಳಿನ ಒಳಗೋಡೆಯ ಕೋಶಗಳಲ್ಲಿ ವೈರಾಣು ತನ್ನಷ್ಟಕ್ಕೆ ಬೆಳೆಯುತ್ತದೆ, ಬೆಕ್ಕು ತನ್ನಷ್ಟಕ್ಕೆ ಆಡುತ್ತದೆ.

ಸೋಂಕು ತಗುಲಿದ ನೂರು ಬೆಕ್ಕುಗಳಲ್ಲಿ ಸುಮಾರು ಐದರಿಂದ ಹತ್ತು ಬೆಕ್ಕುಗಳಿಗೆ ಮಾತ್ರ ಎಫ್‌ಐಪಿ ಬರುತ್ತದೆ. ಅವುಗಳಲ್ಲಿ ಬಹುಪಾಲು ಎರಡು ವರ್ಷದೊಳಗಿನವು. ಹಾಗಾದರೆ ಈ ಐದಾರು ಬೆಕ್ಕುಗಳು ಮಾಡಿದ ತಪ್ಪೇನು?

ತಪ್ಪು ನಡೆಯುವುದು ನಕಲು ತೆಗೆಯುವಾಗ. ಕೊರೊನಾ ವೈರಾಣುವಿನ ಆನುವಂಶಿಕ ಬರಹ ಆರ್‌ಎನ್‌ಎ ಎಂಬ ಒಂದೇ ಎಳೆಯಲ್ಲಿದೆ. ಸುಮಾರು 29,000 ಅಕ್ಷರಗಳ ಉದ್ದನೆಯ ಬರಹ. ವೈರಾಣು ವೃದ್ಧಿಸುವಾಗಲೆಲ್ಲ ಇಡೀ ಬರಹವನ್ನು ನಕಲು ತೆಗೆಯಬೇಕು. ಅವಸರದ ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ. ಆದರೆ ಕೆಲವು ತಪ್ಪುಗಳು, ಅದರಲ್ಲೂ ವೈರಾಣುವಿನ ಮೈಮೇಲಿನ ಮುಳ್ಳನ್ನು ರೂಪಿಸುವ ಭಾಗದಲ್ಲಿ ಆದವು, ಅದಕ್ಕೆ ಹೊಸದೊಂದು ಬಾಗಿಲಿನ ಕೀಲಿಕೈ ಕೊಟ್ಟುಬಿಡುತ್ತವೆ. ಕರುಳಿನ ಕೋಶದಲ್ಲಷ್ಟೇ ಬೆಳೆಯುತ್ತಿದ್ದ ವೈರಾಣು ಈಗ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣದ ಜಾತಿಯ ಕೋಶದೊಳಗೂ ಸೊಂಪಾಗಿ ಬೆಳೆಯಬಲ್ಲದು.

ಈ ಬದಲಾವಣೆ ಆಯಾ ಬೆಕ್ಕಿನ ದೇಹದೊಳಗೇ ಹೊಸದಾಗಿ ಆಗುತ್ತದೆ ಎಂಬುದು ವಿಜ್ಞಾನಿಗಳ ಬಹುಮತದ ಅಭಿಪ್ರಾಯ. ಆದ್ದರಿಂದಲೇ ಎಫ್‌ಐಪಿ ಬಂದ ಮರಿಯಿಂದ ಪಕ್ಕದ ಮರಿಗೆ ಸಾಮಾನ್ಯವಾಗಿ ಎಫ್‌ಐಪಿ ಹರಡುವುದಿಲ್ಲ. ಹರಡುವುದು ಕರುಳಿನ ಸಾಧು ರೂಪ ಮಾತ್ರ. ಹೆಸರಿನಲ್ಲಿ ಸಾಂಕ್ರಾಮಿಕ ಎಂದಿದ್ದರೂ ರೋಗದ ನಡತೆ ಹಾಗಿಲ್ಲ. ಹೆಸರಿಟ್ಟವರು ಅವಸರಪಟ್ಟರು ಎನ್ನಬೇಕಾಗುತ್ತದೆ.

ಕಾವಲುಗಾರನ ಮನೆಯಲ್ಲೇ ಕಳ್ಳ

ಮ್ಯಾಕ್ರೋಫೇಜ್ ಎಂದರೆ ಏನು? ಗ್ರೀಕ್ ಮೂಲದ ಈ ಪದಕ್ಕೆ 'ದೊಡ್ಡ ತಿಂದುಬಾಕ' ಎಂದು ಅರ್ಥ. ದೇಹದಲ್ಲಿ ಗಸ್ತು ತಿರುಗುತ್ತ, ಒಳನುಗ್ಗಿದ ರೋಗಾಣುಗಳನ್ನು, ಸತ್ತ ಕೋಶಗಳನ್ನು ನುಂಗಿ ಅರಗಿಸುವುದು ಇದರ ಕೆಲಸ. ನುಂಗಿದ್ದರ ಚೂರನ್ನು ಮೈಮೇಲೆ ಎತ್ತಿ ಹಿಡಿದು 'ಇಂಥವನು ಬಂದಿದ್ದಾನೆ ನೋಡಿ' ಎಂದು ಉಳಿದ ಕೋಶಗಳಿಗೆ ತೋರಿಸುವುದೂ ಇದೇ. ಊರಿನ ತಳವಾರ ಎಂದುಕೊಳ್ಳಿ. ಕಳ್ಳ ಆ ತಳವಾರನ ಮನೆಯಲ್ಲೇ ಬಿಡಾರ ಹೂಡಿದರೆ ಊರಿನ ಗತಿ ಏನು?

ತಳವಾರನಿಗೆ ಯಾವ ಓಣಿಯಲ್ಲೂ ತಡೆಯಿಲ್ಲ. ರಕ್ತದೊಂದಿಗೆ ಹೊಟ್ಟೆ, ಎದೆ, ಯಕೃತ್ತು, ಮೂತ್ರಪಿಂಡ, ಕಣ್ಣು, ಮಿದುಳು ಎಲ್ಲೆಡೆಗೂ ಅವನು ಹೋಗುತ್ತಾನೆ, ಒಳಗಿರುವ ವೈರಾಣುವೂ ಹೋಗುತ್ತದೆ.

ಈಗ ರಕ್ಷಣಾ ಪಡೆಯ ಉಳಿದವರು ಏನು ಮಾಡುತ್ತಾರೆಂಬುದರ ಮೇಲೆ ಬೆಕ್ಕಿನ ಹಣೆಬರಹ ನಿಂತಿದೆ. ಬೆಕ್ಕಿಗಾಗಲಿ ಮನುಷ್ಯನಿಗಾಗಲಿ ರೋಗದೊಡನೆ ಸೆಣಸಲು ಮುಖ್ಯವಾಗಿ ಎರಡು ತೋಳುಗಳಿವೆ. ಒಂದು, ಬಿ ಕೋಶಗಳು ತಯಾರಿಸುವ ಪ್ರತಿಕಾಯಗಳು. ಇವು ರಕ್ತದಲ್ಲಿ ತೇಲುತ್ತ ಹೊರಗೆ ಸಿಕ್ಕ ವೈರಾಣುವನ್ನು ಹಿಡಿಯುತ್ತವೆ. ಕೋಶದ ಒಳಹೊಕ್ಕ ವೈರಾಣು ಇವಕ್ಕೆ ಸಿಕ್ಕುವುದಿಲ್ಲ. ಎರಡನೆಯದು ಟಿ ಕೋಶಗಳು. ಇವು ಸೋಂಕು ತಗುಲಿದ ಕೋಶವನ್ನೇ ಗುರುತಿಸಿ ಕೊಲ್ಲುತ್ತವೆ. ಮೊದಲನೆಯವರು ಬೀದಿಯಲ್ಲಿ ಹಿಡಿಯುವವರು, ಎರಡನೆಯವರು ಮನೆ ಹೊಕ್ಕು ಹಿಡಿಯುವವರು.

ಕಳ್ಳ ಮನೆಯೊಳಗಿರುವುದರಿಂದ ಇಲ್ಲಿ ಬೇಕಾದವರು ಎರಡನೆಯವರು. ಟಿ ಕೋಶಗಳ ಪಡೆ ಬಲವಾಗಿ, ಬೇಗನೆ ಎದ್ದರೆ ಬೆಕ್ಕು ಗೆಲ್ಲುತ್ತದೆ. ಅದಕ್ಕೆ ರೋಗ ಬಂದಿತ್ತೆಂಬುದೂ ಯಾರಿಗೂ ತಿಳಿಯುವುದಿಲ್ಲ. ಟಿ ಕೋಶಗಳ ಪಡೆ ದುರ್ಬಲವಾಗಿದ್ದು ಪ್ರತಿಕಾಯಗಳು ಮಾತ್ರ ಧಾರಾಳವಾಗಿ ಹುಟ್ಟಿದರೆ ಹೊಟ್ಟೆಯಲ್ಲೋ ಎದೆಗೂಡಿನಲ್ಲೋ ನೀರು ತುಂಬುವ 'ಹಸಿ' ರೂಪ ಬರುತ್ತದೆ. ಮೊದಲು ಕಂಡ ಮರಿಯದು ಇದೇ. ಟಿ ಕೋಶಗಳು ಅರೆಬರೆ ಕೆಲಸ ಮಾಡಿದರೆ ನೀರು ಕಾಣಿಸದ 'ಒಣ' ರೂಪ. ಅದರಲ್ಲಿ ಅಂಗಾಂಗಗಳಲ್ಲಿ ಗಂಟುಗಳಾಗುತ್ತವೆ, ಕಣ್ಣು ಮಸುಕಾಗಬಹುದು, ನಡಿಗೆ ತಪ್ಪಬಹುದು. ಒಣ ರೂಪ ನಿಧಾನ, ಹಸಿ ರೂಪ ಬೇಗ. ಔಷಧವಿಲ್ಲದಿದ್ದರೆ ಎರಡರ ಕೊನೆಯೂ ಹೆಚ್ಚುಕಡಿಮೆ ಒಂದೇ. ಅದಲ್ಲದೆ ಈ ರೋಗದಲ್ಲಿ ಮ್ಯಾಕ್ರೋಫೇಜ್‌ಗಳು ಸುರಿಸುವ ಕೆಲವು ರಾಸಾಯನಿಕಗಳು ಟಿ ಕೋಶಗಳ ಸಾವಿಗೆ ಕಾರಣವಾಗುತ್ತವೆ. ಅತ್ಯಗತ್ಯವಾಗಿ ಬೇಕಾದ ಪಡೆ ಬೇಕಾದ ಹೊತ್ತಿನಲ್ಲೇ ಕರಗುತ್ತದೆ.

ಪ್ರತಿಕಾಯದ ಬಾಲ

ಪಿಯುಸಿ ಜೀವಶಾಸ್ತ್ರ ಓದುವವರು ಪ್ರತಿಕಾಯದ ಚಿತ್ರ ಬರೆದಿರುತ್ತಾರೆ. ಕವಣೆಯ ಕವಲುಗೋಲಿನಂತೆ ಮೇಲೆ ಎರಡು ಕವಲು, ಕೆಳಗೆ ಒಂದು ಹಿಡಿಕೆ. ಪರೀಕ್ಷೆಯಲ್ಲಿ ಅಂಕ ಬರುವುದು ಕವಲುಗಳಿಗೆ, ಏಕೆಂದರೆ ವೈರಾಣುವನ್ನು ಹಿಡಿಯುವುದು ಅವು. ಎಫ್‌ಐಪಿಯ ಕಥೆಯಲ್ಲಿ ಮಾತ್ರ ಹಿಡಿಕೆಯೇ ಮುಖ್ಯ ಪಾತ್ರ.

ಮ್ಯಾಕ್ರೋಫೇಜಿನ ಮೈಮೇಲೆ ಈ ಹಿಡಿಕೆಯನ್ನು ಹಿಡಿದುಕೊಳ್ಳುವ ಕೊಕ್ಕೆಗಳಿವೆ. ಪ್ರತಿಕಾಯ ಒಂದು ರೋಗಾಣುವನ್ನು ಕವಲಿನಲ್ಲಿ ಕಚ್ಚಿಕೊಂಡು ಬಂದರೆ ಮ್ಯಾಕ್ರೋಫೇಜು ಹಿಡಿಕೆಯನ್ನು ಹಿಡಿದು ಒಳಗೆಳೆದು ಅರಗಿಸುತ್ತದೆ. ಬಹುಪಾಲು ರೋಗಾಣುಗಳಿಗೆ ಇದು ಮರಣ. ಆದರೆ ಮ್ಯಾಕ್ರೋಫೇಜಿನೊಳಗೇ ಬೆಳೆಯಲು ಕಲಿತ ವೈರಾಣುವಿಗೆ? ಅದನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಮನೆಗೆ ಕರೆದೊಯ್ದಂತಾಯಿತು.

ಇದು ಬರೀ ಊಹೆಯಲ್ಲ. 1980ರ ಸುಮಾರಿಗೆ ಅಮೆರಿಕದ ಪ್ರಯೋಗಶಾಲೆಗಳಲ್ಲಿ, ಮೊದಲೇ ಪ್ರತಿಕಾಯವಿದ್ದ ಬೆಕ್ಕುಗಳಿಗೆ ಎಫ್‌ಐಪಿ ವೈರಾಣುವನ್ನು ಚುಚ್ಚಿದಾಗ ಅವು ಪ್ರತಿಕಾಯವಿಲ್ಲದ ಬೆಕ್ಕುಗಳಿಗಿಂತ ಬೇಗ ಕಾಯಿಲೆ ಬಿದ್ದದ್ದು ಕಂಡಿತು. 1990ರಲ್ಲಿ ಪ್ರಕಟವಾದ ಪ್ರಯೋಗವೊಂದು ಇನ್ನೂ ಕಠಿಣವಾದ ಪಾಠ ಕಲಿಸಿತು. ವೈರಾಣುವಿನ ಮುಳ್ಳನ್ನು ಮಾತ್ರ ತೋರಿಸುವ ಒಂದು ಲಸಿಕೆಯನ್ನು ಮರಿಗಳಿಗೆ ಕೊಟ್ಟು, ಆಮೇಲೆ ನಿಜವಾದ ವೈರಾಣುವನ್ನು ಕೊಟ್ಟು ನೋಡಿದರು. ಲಸಿಕೆ ಪಡೆದ ಮರಿಗಳೇ ಮೊದಲು ಸತ್ತವು. ಕಾಪಾಡಬೇಕಾದದ್ದು ಕೊಲ್ಲಲು ನೆರವಾಗಿತ್ತು.

ಒಂದು ಎಚ್ಚರಿಕೆಯ ಮಾತು. ಪ್ರಯೋಗಶಾಲೆಯಲ್ಲಿ ಕಂಡದ್ದೆಲ್ಲ ಮನೆಯಂಗಳದಲ್ಲೂ ನಡೆಯಬೇಕೆಂದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಡಯಾನ್ ಆ್ಯಡಿ ಮತ್ತು ಸಂಗಡಿಗರು ಮನೆಗಳಲ್ಲಿ ಸಹಜವಾಗಿ ಸೋಂಕು ತಗುಲಿದ ಬೆಕ್ಕುಗಳನ್ನು ಬಹುಕಾಲ ಗಮನಿಸಿ 1995ರಲ್ಲಿ ವರದಿ ಮಾಡಿದರು. ಮೊದಲೇ ಪ್ರತಿಕಾಯವಿದ್ದು ಮತ್ತೆ ಸೋಂಕಿಗೆ ಒಳಗಾದ ಬೆಕ್ಕುಗಳಿಗೆ ಅಪಾಯ ಹೆಚ್ಚಾದದ್ದು ಅಲ್ಲಿ ಕಾಣಲಿಲ್ಲ. ಪಲ್ಲಕ್ಕಿಯ ದಾರಿ ಇದೆ ಎಂಬುದು ನಿಜ, ಪ್ರತಿ ಬೆಕ್ಕಿನಲ್ಲೂ ವೈರಾಣು ಅದೇ ದಾರಿ ಹಿಡಿಯುತ್ತದೆ ಎನ್ನಲಾಗದು. ವಿಜ್ಞಾನದ ಪುಸ್ತಕಗಳು ಇಂಥ 'ಆದರೆ'ಗಳನ್ನು ಬಿಟ್ಟುಬಿಡುತ್ತವೆ, ಅದರಿಂದ ವಿದ್ಯಾರ್ಥಿಗಳಿಗೆ ನಷ್ಟವೇ.

ಇದರಿಂದ ಬರುವ ಒಂದು ವ್ಯಾವಹಾರಿಕ ವಿಷಯ ಬಹಳ ಮಹತ್ವದ್ದು. ರಕ್ತದಲ್ಲಿ ಕೊರೊನಾ ಪ್ರತಿಕಾಯ ಇದೆ ಎಂಬ ವರದಿ ಬಂದರೆ ಬೆಕ್ಕಿಗೆ ಎಫ್‌ಐಪಿ ಇದೆ ಎಂದು ಅರ್ಥವಲ್ಲ. ಕರುಳಿನ ಸಾಧು ವೈರಾಣು ಎಂದೋ ಬಂದು ಹೋಗಿದ್ದರೂ ಪ್ರತಿಕಾಯ ಇರುತ್ತದೆ. ಅಂಥ ಬೆಕ್ಕುಗಳಲ್ಲಿ ಹತ್ತಕ್ಕೆ ಒಂಬತ್ತು ಆರೋಗ್ಯವಾಗಿಯೇ ಬಾಳುತ್ತವೆ. ಒಂದು ಸಂಖ್ಯೆಯನ್ನು ನೋಡಿ ಬೆಕ್ಕಿಗೆ ದಯಾಮರಣ ಕೊಡಿಸಬಾರದು ಎಂದು ತಜ್ಞರು ದಶಕಗಳಿಂದ ಹೇಳುತ್ತ ಬಂದಿದ್ದಾರೆ.

ಡೆಂಗಿಯಲ್ಲಿ ಕಾಣುವ ಹೋಲಿಕೆ

ಬೆಕ್ಕಿನ ಕಥೆ ನಮಗೇಕೆ ಎನ್ನುವವರು ಮಳೆಗಾಲದ ಆಸ್ಪತ್ರೆಗಳನ್ನು ನೆನೆಸಿಕೊಳ್ಳಬಹುದು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಕೃತವಾಗಿ ಘೋಷಿಸಿತು. ಡೆಂಗಿ ವೈರಾಣು ಕೊರೊನಾ ಕುಟುಂಬದ್ದಲ್ಲ, ಸೊಳ್ಳೆಯಿಂದ ಬರುವಂಥದು. ಆದರೆ ಅದೂ ಮ್ಯಾಕ್ರೋಫೇಜ್ ಜಾತಿಯ ಕೋಶಗಳಲ್ಲಿ ಬೆಳೆಯುತ್ತದೆ, ಅದೂ ಪ್ರತಿಕಾಯದ ಪಲ್ಲಕ್ಕಿ ಏರಬಲ್ಲದು.

ಡೆಂಗಿಯಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಆ ಬಗೆಯಿಂದ ದೀರ್ಘ ರಕ್ಷಣೆ ಸಿಗುತ್ತದೆ. ಮುಂದೆ ಬೇರೊಂದು ಬಗೆ ಬಂದಾಗ ಹಳೆಯ ಪ್ರತಿಕಾಯಗಳು ಅದನ್ನು ಹಿಡಿಯುತ್ತವೆ, ಆದರೆ ಸಡಿಲವಾಗಿ. ಕೈಗೆ ಸಿಕ್ಕಿದರೂ ಕೊಲ್ಲಲಾಗದಂತೆ. 1960ರ ದಶಕದಲ್ಲಿ ಬ್ಯಾಂಕಾಕಿನಲ್ಲಿ ಸ್ಕಾಟ್ ಹಾಲ್‌ಸ್ಟೆಡ್ ಎಂಬ ವೈದ್ಯರು ಗಮನಿಸಿದ್ದು ಇದನ್ನೇ. ತೀವ್ರ ಡೆಂಗಿಯಿಂದ ನರಳಿದ ಮಕ್ಕಳು ಎರಡು ಗುಂಪಿನವರಾಗಿದ್ದರು. ಒಂದು, ಎರಡನೆಯ ಸಲ ಸೋಂಕು ತಗುಲಿದವರು. ಇನ್ನೊಂದು, ಮೊದಲ ಸಲವೇ ಸೋಂಕು ತಗುಲಿದ್ದರೂ ತಾಯಿಯಿಂದ ಪ್ರತಿಕಾಯ ಪಡೆದಿದ್ದ ಒಂದು ವರ್ಷದೊಳಗಿನ ಕೂಸುಗಳು. ತಾಯಿ ಕೊಟ್ಟ ರಕ್ಷೆ ತೆಳುವಾಗುತ್ತ ಬಂದಾಗ ಅದೇ ತೊಡಕಾಯಿತು.

ಲಸಿಕೆಗೂ ಈ ತೊಡಕು ತಟ್ಟಿತು. ಫಿಲಿಪ್ಪೀನ್ಸ್ ದೇಶದಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗಿ ಲಸಿಕೆಯೊಂದನ್ನು ಹಾಕಲಾಯಿತು. ಮೊದಲು ಎಂದೂ ಡೆಂಗಿ ಬಾರದ ಮಕ್ಕಳಲ್ಲಿ ಈ ಲಸಿಕೆಯ ನಂತರ ಬರುವ ಡೆಂಗಿ ಹೆಚ್ಚು ತೀವ್ರವಾಗಬಹುದು ಎಂದು 2017ರ ನವೆಂಬರಿನಲ್ಲಿ ತಯಾರಕರೇ ಪ್ರಕಟಿಸಿದರು. ಅಲ್ಲಿನ ಕಾರ್ಯಕ್ರಮ ನಿಂತಿತು. ಅದಕ್ಕಾಗಿಯೇ 2020ರಲ್ಲಿ ಕೋವಿಡ್ ಲಸಿಕೆ ತಯಾರಿಸುವಾಗ, ಬೆಕ್ಕಿನ ಮರಿಗಳಿಗೆ ಆದದ್ದು ಮನುಷ್ಯರಿಗೂ ಆದೀತೇ ಎಂದು ವಿಜ್ಞಾನಿಗಳು ಮೊದಲೇ ಕಣ್ಣಿಟ್ಟು ನೋಡಿದರು. ಕೋವಿಡ್ ಲಸಿಕೆಗಳಲ್ಲಿ ಹಾಗಾಗಲಿಲ್ಲ; ಕೋಟಿಗಟ್ಟಲೆ ಜನರಲ್ಲಿ ಅವು ತೀವ್ರ ರೋಗವನ್ನು ತಗ್ಗಿಸಿದವು.

ಹೊಟ್ಟೆಗೆ ನೀರು ಬಂದದ್ದೆಲ್ಲಿಂದ?

ಮರಿಯ ಹೊಟ್ಟೆಯಲ್ಲಿರುವ ನೀರು ಅದು ಕುಡಿದ ನೀರಲ್ಲ, ಅದರದೇ ರಕ್ತದ ತಿಳಿ. ವೈರಾಣು ತುಂಬಿದ ಮ್ಯಾಕ್ರೋಫೇಜ್‌ಗಳು ಸಣ್ಣ ರಕ್ತನಾಳಗಳ, ಮುಖ್ಯವಾಗಿ ಅಭಿಧಮನಿಗಳ ಗೋಡೆಗೆ ಅಂಟಿಕೊಂಡು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಅವುಗಳಲ್ಲಿ ಒಂದು, ನಾಳಗಳ ಗೋಡೆಯ ಕೋಶಗಳ ನಡುವಿನ ಬಿಗಿಯನ್ನು ಸಡಿಲಿಸುತ್ತದೆ. ವೈರಾಣು ಮತ್ತು ಪ್ರತಿಕಾಯ ಹೆಣೆದುಕೊಂಡ ಗಂಟುಗಳು ನಾಳಗಳಲ್ಲಿ ತಂಗಿ ಉರಿಗೆ ತುಪ್ಪ ಸುರಿಯುತ್ತವೆ. ನಾಳ ಸೋರತೊಡಗುತ್ತದೆ. ರಕ್ತಕಣಗಳು ಒಳಗುಳಿದು, ಪ್ರೋಟೀನು ತುಂಬಿದ ಹಳದಿ ತಿಳಿ ಹೊಟ್ಟೆಗೆ ಇಳಿಯುತ್ತದೆ. ತೀವ್ರ ಡೆಂಗಿಯಲ್ಲಿ ಮಕ್ಕಳಿಗೆ ಆಗುವುದೂ ಇಂಥದೇ ಸೋರಿಕೆ. ಜ್ವರ ಇಳಿದ ಮೇಲಿನ ಒಂದೆರಡು ದಿನಗಳಲ್ಲಿ ಅದು ಕಾಣಿಸಿಕೊಳ್ಳುವುದರಿಂದಲೇ 'ಜ್ವರ ಬಿಟ್ಟಿತು' ಎಂದು ಮೈಮರೆಯಬಾರದು ಎಂದು ವೈದ್ಯರು ತಂದೆತಾಯಂದಿರಿಗೆ ಹೇಳುವುದು.

ಈ ಪ್ರೋಟೀನನ್ನೇ ಹಿಡಿದು ರೋಗ ಪತ್ತೆಗೆ ನೆರವಾಗುವ ಒಂದು ಸರಳ ಪರೀಕ್ಷೆ ಇದೆ. ಇಟಲಿಯ ರಿವಾಲ್ಟಾ ಎಂಬುವರ ಹೆಸರಿನದು, ಶತಮಾನಕ್ಕೂ ಹಳೆಯದು. ಪರೀಕ್ಷಾ ನಳಿಕೆಯಲ್ಲಿ 8 ಮಿಲಿಲೀಟರ್ ಭಟ್ಟಿ ಇಳಿಸಿದ ನೀರು. ಅದಕ್ಕೆ ಒಂದು ಹನಿ ಗಾಢ ಅಸಿಟಿಕ್ ಆಮ್ಲ. ಮೇಲಿನಿಂದ ಬೆಕ್ಕಿನ ಹೊಟ್ಟೆಯಿಂದ ತೆಗೆದ ನೀರಿನ ಒಂದು ಹನಿ. ಆ ಹನಿ ಕರಗಿ ಮಾಯವಾದರೆ ಎಫ್‌ಐಪಿಯ ಸಂಶಯ ಬಹುಮಟ್ಟಿಗೆ ದೂರವಾಯಿತು. ಕರಗದೆ ಬಿಳಿಯ ಗುಳ್ಳೆಯಂತೆ ಮೇಲೆ ನಿಂತರೆ, ಅಥವಾ ಹಾಲಿನ ಎಳೆಯಂತೆ ನಿಧಾನ ಕೆಳಗಿಳಿದರೆ ಸಂಶಯ ಗಟ್ಟಿಯಾಯಿತು. ಹಾಲಿಗೆ ನಿಂಬೆ ಹಿಂಡಿದರೆ ಪ್ರೋಟೀನು ಗಟ್ಟಿಯಾಗುವುದನ್ನು ಅಡುಗೆಮನೆಯಲ್ಲಿ ಕಂಡವರಿಗೆ ಇದರ ಹಿಂದಿನ ತತ್ತ್ವ ಅಪರಿಚಿತವಲ್ಲ. ಹೊಟ್ಟೆಯ ನೀರು ತೆಗೆಯುವುದು ಮಾತ್ರ ಪಶುವೈದ್ಯರ ಕೆಲಸ. ಬ್ಯಾಕ್ಟೀರಿಯಾದ ಕೀವು, ಕೆಲವು ಗಡ್ಡೆಗಳೂ ಇದೇ ಫಲಿತಾಂಶ ಕೊಡುವುದರಿಂದ ರಕ್ತ ಪರೀಕ್ಷೆ ಮತ್ತಿತರ ಪುರಾವೆಗಳೂ ಬೇಕು.

31 ಬೆಕ್ಕುಗಳು

ರಕ್ಷಣಾ ಪಡೆಯೇ ಹೊಲ ಮೇಯುತ್ತಿದ್ದರೆ ಮಾಡುವುದೇನು? ಪಡೆಯನ್ನೇ ಕಟ್ಟಿಹಾಕುವುದು ಎಂಬುದು ಬಹುಕಾಲದ ಉತ್ತರವಾಗಿತ್ತು. ಅರ್ಧ ಶತಮಾನ ಕಾಲ ಪಶುವೈದ್ಯರು ಉರಿಯೂತ ತಗ್ಗಿಸುವ ಸ್ಟೀರಾಯ್ಡುಗಳನ್ನು ಕೊಟ್ಟರು. ಬೆಕ್ಕು ಕೆಲವು ದಿನ ಸುಖವಾಗಿರುತ್ತಿತ್ತು, ಹಸಿವೆ ಮರಳುತ್ತಿತ್ತು, ಆಮೇಲೆ ಸಾಯುತ್ತಿತ್ತು. ವೈರಾಣು ಹಾಗೆಯೇ ಒಳಗಿತ್ತಲ್ಲ!

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ನೀಲ್ಸ್ ಪೆಡರ್ಸನ್ ಈ ಒಂದು ರೋಗದ ಬೆನ್ನು ಹತ್ತಿ ದಶಕಗಳನ್ನೇ ಕಳೆದರು. ಅವರೂ ಸಂಗಡಿಗರೂ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಹಜವಾಗಿ ಎಫ್‌ಐಪಿ ಬಂದ 31 ಬೆಕ್ಕುಗಳಿದ್ದವು. ಅವಕ್ಕೆ ಕೊಟ್ಟದ್ದು ಜಿಎಸ್-441524 ಎಂಬ, ಹೆಸರಿಗೆ ಬದಲು ಸಂಖ್ಯೆ ಹೊತ್ತ ಔಷಧ. ಐದು ಬೆಕ್ಕುಗಳು ಆರಂಭದಲ್ಲೇ ಸತ್ತವು ಇಲ್ಲವೇ ನೋವು ತಪ್ಪಿಸಲು ದಯಾಮರಣ ಪಡೆದವು. 26 ಬೆಕ್ಕುಗಳು 12 ವಾರಗಳ ಚಿಕಿತ್ಸೆ ಮುಗಿಸಿದವು. ಕೆಲವಕ್ಕೆ ರೋಗ ಮರುಕಳಿಸಿ ಮತ್ತೆ ಔಷಧ ಕೊಡಬೇಕಾಯಿತು. ಕೊನೆಗೆ 25 ಬೆಕ್ಕುಗಳು ದೀರ್ಘಕಾಲ ಬದುಕಿ ಉಳಿದವು. ಅದುವರೆಗೆ ಈ ರೋಗದ ಹೆಸರು ಹೇಳಿದರೆ ಸಾವೆಂದೇ ಅರ್ಥವಿತ್ತು.

ಔಷಧ ಕೆಲಸ ಮಾಡುವ ಬಗೆಯನ್ನು ನವಲಗುಂದದ ಜಮಖಾನದಿಂದ ತಿಳಿಯಬಹುದು. ನೇಯುವ ಹೆಣ್ಣುಮಗಳು ಬಣ್ಣದ ಎಳೆಗಳನ್ನು ಒಂದೊಂದಾಗಿ ಸೇರಿಸುತ್ತ ನವಿಲಿನ ಚಿತ್ರ ಬೆಳೆಸುತ್ತಾಳೆ. ಕಣ್ಣಿಗೆ ಅದೇ ಬಣ್ಣ, ಆದರೆ ಮುಂದಿನ ಎಳೆಯನ್ನು ಹಿಡಿದುಕೊಳ್ಳಲಾಗದ ಒಂದು ಕೃತಕ ಎಳೆಯನ್ನು ಯಾರೋ ಬುಟ್ಟಿಯಲ್ಲಿ ಬೆರೆಸಿದರೆ ನೇಯ್ಗೆ ಅಲ್ಲಿಗೆ ಕೆಡುತ್ತದೆ. ಆರ್‌ಎನ್‌ಎ ಹೆಣೆಯುವಾಗ ವೈರಾಣು ಬಳಸುವ ನಾಲ್ಕು ಅಕ್ಷರಗಳಲ್ಲಿ ಒಂದನ್ನು ಈ ಔಷಧ ಹೀಗೆಯೇ ಅನುಕರಿಸುತ್ತದೆ. ನಕಲು ಅರ್ಧಕ್ಕೆ ನಿಲ್ಲುತ್ತದೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆ ಇದೆ. ಒಂದೆರಡು ದಿನದಲ್ಲೇ ಬೆಕ್ಕುಗಳ ಜ್ವರ ಇಳಿಯಿತು. ಒಂದೆರಡು ವಾರದಲ್ಲಿ ಹೊಟ್ಟೆಯ ನೀರು ಇಂಗಿತು. ರಕ್ಷಣಾ ಪಡೆಯನ್ನು ಯಾರೂ ಕಟ್ಟಿಹಾಕಿರಲಿಲ್ಲ. ವೈರಾಣು ನಿಂತೊಡನೆ ಪಡೆ ತಾನಾಗಿ ಶಾಂತವಾಯಿತು. ಬೇಲಿ ಹೊಲ ಮೇಯ್ದದ್ದು ಸುಳ್ಳಲ್ಲ, ಆದರೆ ಅದನ್ನು ರೇಗಿಸುತ್ತಿದ್ದವನು ಒಳಗೆ ಅಡಗಿದ್ದ ಕಳ್ಳ.

ಈ ಸಂಖ್ಯೆಯ ಔಷಧದ ಅಣ್ಣನನ್ನು ಕನ್ನಡಿಗರು ಬಲ್ಲರು. ಅದೇ ರೆಮ್‌ಡೆಸಿವಿರ್. ದೇಹದೊಳಗೆ ರೆಮ್‌ಡೆಸಿವಿರ್ ಒಡೆದಾಗ ಸಿಗುವ ಮೂಲವಸ್ತುವೇ ಜಿಎಸ್-441524. 2020ರಲ್ಲಿ ಕೋವಿಡ್ ರೋಗಿಗಳಿಗಾಗಿ ಮೈಲಾನ್ ಕಂಪನಿ ಅದನ್ನು ಬೆಂಗಳೂರಿನ ತನ್ನ ಕಾರ್ಖಾನೆಯಲ್ಲಿ ತಯಾರಿಸಿತು. 2021ರ ಎರಡನೆಯ ಅಲೆಯಲ್ಲಿ ಒಂದು ಸೀಸೆಗಾಗಿ ಜನ ಊರೂರು ಅಲೆದದ್ದನ್ನು ಯಾರೂ ಮರೆತಿರಲಾರರು. ಮನುಷ್ಯರಿಗೆ ತುರ್ತು ಅನುಮತಿ ಸಿಕ್ಕರೂ ಬೆಕ್ಕಿಗೆ ಪರವಾನಗಿ ಇರಲಿಲ್ಲ. ಹಲವು ದೇಶಗಳಲ್ಲಿ ಸಾಕಿದವರು ಕಾಳಸಂತೆಯ ಸೀಸೆಗಳನ್ನು ತರಿಸಿ ಮನೆಯಲ್ಲೇ ಚುಚ್ಚಿದರು. ಬ್ರಿಟನ್ನಿನಲ್ಲಿ 2021ರಿಂದ, ಅಮೆರಿಕದಲ್ಲಿ 2024ರಿಂದ ಪಶುವೈದ್ಯರ ಮೂಲಕ ಅದು ಕಾನೂನುಬದ್ಧವಾಗಿ ಸಿಗತೊಡಗಿತು.

ನಡುವೆ ಸೈಪ್ರಸ್ ದ್ವೀಪದಲ್ಲಿ ಮತ್ತೊಂದು ತಿರುವು. 2023ರಲ್ಲಿ ಅಲ್ಲಿ ಎಫ್‌ಐಪಿ ಬೆಕ್ಕಿನಿಂದ ಬೆಕ್ಕಿಗೆ ಹರಡತೊಡಗಿತು. ಬೆಕ್ಕಿನ ವೈರಾಣು ನಾಯಿಯ ಕೊರೊನಾ ವೈರಾಣುವಿನ ಒಂದು ತುಂಡನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಹರಡುವುದಿಲ್ಲ ಎಂಬ ನಿಯಮಕ್ಕೆ ಹೀಗೆ ಅಪವಾದ ಹುಟ್ಟಿತು. ಆ ಆಗಸ್ಟಿನಲ್ಲಿ ಸೈಪ್ರಸ್ ಸರ್ಕಾರ ಮನುಷ್ಯರಿಗಾಗಿ ತರಿಸಿ ಉಳಿದಿದ್ದ ಕೋವಿಡ್ ಮಾತ್ರೆಗಳನ್ನು ಬೆಕ್ಕುಗಳಿಗೆ ಬಿಟ್ಟುಕೊಟ್ಟಿತು.

ಮನೆಯವರ ಕೈಯಲ್ಲಿರುವುದು

ಎತ್ತಿಗೆ ಕಾಲು ನೋವಾದರೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗುವ ರೈತ ಬೆಕ್ಕನ್ನು ಹೊತ್ತುಕೊಂಡು ಹೋಗಲು ನಾಚುತ್ತಾನೆ. ನಾಚಬೇಕಾದ್ದಿಲ್ಲ. ಹೊಟ್ಟೆ ಉಬ್ಬಿದ ಮರಿಗೆ ಹುಳುವಿನ ಔಷಧ ಅಲ್ಲಿಯೇ ಸಿಗುತ್ತದೆ. ಹೆಚ್ಚಿನ ಮರಿಗಳ ಕಥೆ ಅಲ್ಲಿಗೇ ಸುಖಾಂತ. ಬೆಕ್ಕಿನ ಜಂತು ಮಕ್ಕಳಿಗೂ ದಾಟಬಲ್ಲದು, ಆದ್ದರಿಂದ ಬೆಕ್ಕಿನೊಡನೆ ಆಡಿದ ಕೈಯನ್ನು ತೊಳೆದೇ ರೊಟ್ಟಿ ಮುಟ್ಟಬೇಕು. ಅದಕ್ಕೂ ಜ್ವರ ಇಳಿಯದಿದ್ದರೆ ಮುಂದಿನ ಪರೀಕ್ಷೆ ಎಲ್ಲಿ ಎಂಬುದನ್ನು ವೈದ್ಯರೇ ಹೇಳುತ್ತಾರೆ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಜ್ವರ ಬಂದ ಬೆಕ್ಕಿಗೆ ಮನೆಯ ಪ್ಯಾರಾಸಿಟಮಾಲ್ ಕೊಡುವುದು ಮಾತ್ರ ಎಂದಿಗೂ ಕೂಡದು. ಅದನ್ನು ಅರಗಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. ಮನುಷ್ಯನ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಲು ಸಾಕು.

ಎಫ್‌ಪಿವಿ ಎಂಬ ಇನ್ನೊಂದು ಹೆಸರಿನೊಡನೆ ಎಫ್‌ಐಪಿಯನ್ನು ಗೊಂದಲ ಮಾಡಿಕೊಳ್ಳಬಾರದು. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಬೆಕ್ಕುಗಳನ್ನು ಕಾಡಿದ ಬಗ್ಗೆ ವರದಿಯಾದದ್ದು ಎಫ್‌ಪಿವಿ. ಅದು ಬೇರೆ ವೈರಾಣು, ಬೇಗ ಹರಡುತ್ತದೆ, ಅದಕ್ಕೆ ಒಳ್ಳೆಯ ಲಸಿಕೆಯೂ ಇದೆ. ಇನ್ನು ಬೆಕ್ಕಿನಿಂದ ಮನುಷ್ಯರು ನಿಜವಾಗಿ ಹೆದರಬೇಕಾದದ್ದು ರೇಬೀಸ್‌ಗೆ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಮಕ್ಕಳು ಬೈಗುಳಕ್ಕೆ ಹೆದರಿ ಪರಚಿದ್ದನ್ನು ಮುಚ್ಚಿಡುತ್ತಾರೆ, ಅಪ್ಪ ಅಮ್ಮ ಇದಕ್ಕೆ ಅವಕಾಶ ಕೊಡಬಾರದು.

ಮರಿಗಳನ್ನು ತಾಯಿಯಿಂದ ಬೇಗ ಅಗಲಿಸುವುದು, ಒಂದೇ ಇಕ್ಕಟ್ಟಿನಲ್ಲಿ ಹತ್ತು ಬೆಕ್ಕು ಕೂಡಿಹಾಕುವುದು, ಮಲದ ಜಾಗವನ್ನೂ ಹಾಲಿನ ಬಟ್ಟಲನ್ನೂ ಒಂದೆಡೆ ಇಡುವುದು, ಇವೆಲ್ಲ ವೈರಾಣುವಿಗೆ ಅನುಕೂಲ. ಹಿತ್ತಿಲ ಮಣ್ಣಿನಲ್ಲಿ ಗುಂಡಿ ತೋಡಿ ಮುಚ್ಚುವ ಹಳ್ಳಿಯ ಬೆಕ್ಕು ಈ ವಿಷಯದಲ್ಲಿ ಪಟ್ಟಣದ ಫ್ಲ್ಯಾಟಿನ ಬೆಕ್ಕಿಗಿಂತ ಅದೃಷ್ಟಶಾಲಿ.

ಎಫ್‌ಐಪಿ ಎಂದು ಖಚಿತವಾಗಿ, ಪಶುವೈದ್ಯರು ಔಷಧ ಆರಂಭಿಸಿದರೆ ಸಾಮಾನ್ಯವಾಗಿ 84 ದಿನ ಪ್ರತಿದಿನ ಕೊಡಬೇಕಾಗುತ್ತದೆ. ಖರ್ಚು ಸಣ್ಣದಲ್ಲ, ಮರಿಯ ತೂಕ ಏರಿದಂತೆ ಔಷಧದ ಪ್ರಮಾಣವೂ ಏರುತ್ತದೆ. ಮರಿ ಆಡತೊಡಗಿತೆಂದು ನಡುವೆ ನಿಲ್ಲಿಸುವುದು ವೈರಾಣುವಿಗೆ ಮತ್ತೆ ಬಾಗಿಲು ತೆರೆದಂತೆ. ಔಷಧ ಮುಗಿದ ಬಳಿಕ ಮತ್ತೆ 84 ದಿನ ನಿಗಾ: ತೂಕ, ಮೈಬಿಸಿ, ನಡಿಗೆ, ಕಣ್ಣು. ಹುಡುಗಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನ ಗೀಟು ಹಾಕುವ ಕೆಲಸ ಕೊಡಬಹುದು. ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಮೊದಲ ಗೀಟು ಬಿದ್ದರೆ, ಕೊನೆಯದು ಬೀಳುವ ಹೊತ್ತಿಗೆ ಎರೆಹೊಲದಲ್ಲಿ ಹೊಸ ಕಡಲೆ ಮೊಳೆತಿರುತ್ತದೆ.